ಹತ್ತಕ್ಕೆ ಹತ್ತು ಪಡೆದ ಪವರ್ ಸಪ್ಲೈ

“ಅಪ್ಪಾ, ನೀನು ಬಾಯೇ ಬಿಡಬೇಡ. ಎಲ್ಲಾ ನಾನೇ ಮಾತಾಡ್ತೀನಿ.”

ಹೊಸೂರು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾಲಿನಿ ಹೀಗೆ ಅಪ್ಪಣೆ ಕೊಟ್ಟಳು. ಅವಳ ಅಪ್ಪ ಜಯರಾಮಯ್ಯ ಬಾಯಿ ಬಿಡುವ ಸ್ಥಿತಿಯಲ್ಲೂ ಇರಲಿಲ್ಲ. ಕಂಪ್ಯೂಟರಿನ ದೊಡ್ಡ ಕಬ್ಬಿಣದ ಡಬ್ಬ, ಅಂದರೆ ಸಿಪಿಯು, ಅವರ ಎರಡೂ ತೋಳುಗಳಲ್ಲಿ ಮಗುವಿನ ಹಾಗೆ ಕೂತಿತ್ತು. ಅದು ಜಾರದಿರಲಿ ಎಂದು ಅಪ್ಪ ಗದ್ದವನ್ನು ಅದರ ಮೇಲೆ ಒತ್ತಿ ಹಿಡಿದಿದ್ದರು.

“ಕನ್ನಡದಲ್ಲೇ ಕೇಳಿ ನೋಡೋಣ ಕಣಮ್ಮ,” ಎಂದರು ಅಪ್ಪ, ಗದ್ದ ಅಲ್ಲಾಡಿಸದೆ.

“ಬೇಡ! ಊರಿಗೆ ಹೊಸಬರು ಅಂತ ಗೊತ್ತಾಗಿಬಿಡುತ್ತೆ. ಯಾವುದೋ ಹಳೇ ಮಾಲು ಕೊಟ್ಟು ಕಳಿಸ್ತಾರೆ. ನನಗೆ ತಮಿಳು ಬರಲ್ವಾ?”

ಮಾಲಿನಿಗೆ ತಮಿಳು ಬರುತ್ತಿತ್ತು. ಕನಿಷ್ಠಪಕ್ಷ ಅವಳು ಹಾಗೆ ತಿಳಿದುಕೊಂಡಿದ್ದಳು. ಅವಳ ಮನೆಯವರೂ ಹಾಗೇ ತಿಳಿದುಕೊಂಡಿದ್ದರು, ಪಾಪ.

ಬೇಸಿಗೆ ರಜೆಯಲ್ಲಿ ಅವರು ತಿಪಟೂರಿನಿಂದ ಇಲ್ಲಿಗೆ ಬಂದಿದ್ದರು. ಅಪ್ಪನಿಗೆ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ಮನೆ ಮಾಡಿದ್ದು ಹತ್ತಿರದ ತೊರಪಲ್ಲಿ ಅಗ್ರಹಾರದಲ್ಲಿ. ಬಂದ ವಾರದಲ್ಲೇ ಮಾಲಿನಿ ಒಂದು ಗುಟ್ಟು ಕಂಡುಹಿಡಿದಳು. ತಮಿಳಿನಲ್ಲಿ ಹಾಲಿಗೆ ‘ಪಾಲ್’ ಅನ್ನುತ್ತಾರೆ. ಹೂವಿಗೆ ‘ಪೂ’. ಹಣಕ್ಕೆ ‘ಪಣಂ’. ಹುಲಿಗೆ ‘ಪುಲಿ’. ತಲೆಯ ಹೇನಿಗೂ ‘ಪೇನ್’!

“ಅಮ್ಮಾ, ತಮಿಳು ತುಂಬಾ ಸುಲಭ! ‘ಪ’ ಇದ್ದ ಕಡೆ ‘ಹ’ ಹಾಕಿದ್ರೆ ಕನ್ನಡ ಆಗೋಗುತ್ತೆ!” ಎಂದು ಅವಳು ಮನೆಯೆಲ್ಲ ಕುಣಿದಿದ್ದಳು.

ಅಮ್ಮ ಆದಿಲಕ್ಷ್ಮಿ ಮಗಳ ಬುದ್ಧಿಗೆ ಬೆರಗಾಗಿ ದೃಷ್ಟಿ ತೆಗೆದರು. ಅಂದಿನಿಂದ ಸೊಪ್ಪಿನವಳು ಬರಲಿ, ಗ್ಯಾಸಿನವನು ಬರಲಿ, “ಏನಂತೆ ಕೇಳು ಮಾಲಿನಿ” ಎನ್ನುವುದೇ ಅಮ್ಮನ ಪಲ್ಲವಿಯಾಯಿತು. ಮಾಲಿನಿ ಕಣ್ಣು ಮುಚ್ಚಿ, ‘ಪ’ ತೆಗೆದು ‘ಹ’ ಹಾಕಿ, ಕನ್ನಡ ಮಾಡಿ ಹೇಳುತ್ತಿದ್ದಳು.

ಒಮ್ಮೊಮ್ಮೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತಿತ್ತು. ಒಂದು ಕಟ್ಟಡ ತೋರಿಸಿ ಯಾರೋ ಹೇಳಿದ ‘ಪಳ್ಳಿ’ಯನ್ನು ಅವಳು ‘ಹಳ್ಳಿ’ ಮಾಡಿದ್ದಳು. “ಇಲ್ಲಿ ಹಳ್ಳಿಗೆಲ್ಲ ಕಾಂಪೌಂಡು, ಗೇಟು ಹಾಕಿಸ್ತಾರೆ ಅಮ್ಮ” ಎಂದು ಹೇಳಿಯೂ ಇದ್ದಳು. ಅದು ಶಾಲೆ ಎಂದು ಆಮೇಲೆ ಗೊತ್ತಾಯಿತು. ಒಂದು ತಪ್ಪಿಗೆ ಇಡೀ ಗುಟ್ಟನ್ನೇ ಬಿಡುವುದುಂಟೆ? ಮಾಲಿನಿ ಬಿಡಲಿಲ್ಲ.

ಪಕ್ಕದ ಮನೆಯ ಶಶಿಕಲಾಳನ್ನು ಕೇಳಬಹುದಿತ್ತು. ಅವಳದೂ ಮಾಲಿನಿಯ ಕ್ಲಾಸೇ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು ಮಾತಾಡಿಕೊಂಡು ಹುಟ್ಟಿದಾಗಿನಿಂದ ಇಲ್ಲೇ ಇದ್ದವಳು. ಆದರೆ ಮಾಲಿನಿಗೆ ಅವಳ ಕನ್ನಡವೇ ಸರಿ ಕಾಣುತ್ತಿರಲಿಲ್ಲ. ಶಶಿ “ಬತ್ತೀನಿ” ಅಂದರೆ ಮಾಲಿನಿ “ಬತ್ತೀನಿ ಅಲ್ಲ, ಬರ್ತೀನಿ” ಎನ್ನುವಳು. “ಹೋಗ್ಬುಟ್ಟ” ಅಂದರೆ “ಹೊರಟುಹೋದ ಅನ್ನಬೇಕು” ಎನ್ನುವಳು. ಕನ್ನಡವನ್ನೇ ನೆಟ್ಟಗೆ ಆಡದವಳ ಹತ್ತಿರ ತಮಿಳು ಕೇಳುವುದೇ?

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ಫ್ಯಾಕ್ಟರಿಯಲ್ಲಿ ಅಪ್ಪ ಮೆಷಿನ್ ಓಡಿಸುತ್ತಿದ್ದರು. ಮೆಷಿನ್ ಭಾಗಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುವ ಡ್ರಾಯಿಂಗ್ ಸೆಕ್ಷನ್ನಿಗೆ ಹೋಗಬೇಕೆಂಬುದು ಅವರ ದೊಡ್ಡ ಆಸೆ. ಅದಕ್ಕೆ ಸೋಮವಾರ ಟೆಸ್ಟ್ ಇತ್ತು. ಮನೆಯಲ್ಲಿ ಅಭ್ಯಾಸ ಮಾಡಲೆಂದೇ ಅವರು ಜೊತೆಯ ಕೆಲಸಗಾರರೊಬ್ಬರಿಂದ ಹಳೆಯ ಕಂಪ್ಯೂಟರ್ ಕೊಂಡಿದ್ದರು. ಆ ಮನೆಯ ಹುಡುಗ ಗೇಮ್ ಆಡಲು ಅದರೊಳಗೆ ಇಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದ. ಅಪ್ಪ ಬರೆಯುವ ಚಿತ್ರಗಳಿಗೂ ಅದು ಬೇಕಿತ್ತು.

ಶುಕ್ರವಾರ ಸಂಜೆ ಒಳಗಿನಿಂದ ‘ಟಪ್’ ಎಂದು ಸದ್ದು ಬಂತು. ಆಮೇಲೆ ಸುಟ್ಟ ವಾಸನೆ. ಅಮ್ಮ ಅಡುಗೆಮನೆಗೆ ಓಡಿ ಸಾರಿನ ಪಾತ್ರೆ ನೋಡಿದರು. ಸಾರು ಚೆನ್ನಾಗಿತ್ತು, ಕಂಪ್ಯೂಟರ್ ಹೋಗಿತ್ತು.

“ಇದರ ಪವರ್ ಸಪ್ಲೈ ಸುಟ್ಟಿದೆ. ಅಂಗಡೀಲಿ ಎಸ್ಸೆಂಪಿಎಸ್ ಅಂತಾರೆ,” ಎಂದರು ಅಪ್ಪ. ಗೋಡೆಯಿಂದ ಬರುವ ಕರೆಂಟನ್ನು ಒಳಗಿನ ಒಂದೊಂದು ಭಾಗಕ್ಕೂ ಬೇಕಾದ ಹಾಗೆ ಹಂಚುವ ಪೆಟ್ಟಿಗೆ ಅದು. “ಹೊಸದು ಹಾಕಿಸಬೇಕು. ಈ ಕಾರ್ಡಿಗೆ ಸಾಕಾಗೋ ಅಂಥದ್ದು ಬೇಕು. ಸೋಮವಾರದೊಳಗೆ ಆಗದಿದ್ರೆ ನನ್ನ ಟೆಸ್ಟ್ ಗೋವಿಂದ.”

ಅದಕ್ಕೇ ಶನಿವಾರ ಈ ಸವಾರಿ.

ಅಂಗಡಿ ತುಂಬ ಜನ. ಮೇಜಿನ ಹಿಂದೆ ಕಿವಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಅಂಗಡಿಯ ಲಕ್ಷ್ಮೀಪತಿ ನಿಂತಿದ್ದರು. ಮಾಲಿನಿ ಜನರ ನಡುವೆ ನುಸುಳಿ ಮುಂದೆ ಹೋದಳು. ಹಿಂದೆಯೇ ಡಬ್ಬ, ಡಬ್ಬದ ಹಿಂದೆ ಅಪ್ಪ.

“ಅಣ್ಣಾ, ಎಸ್ಸೆಂಪಿಎಸ್ ಪೋಚು. ಪುದುಸು ವೇಣುಂ,” ಎಂದಳು ಜೋರಾಗಿ. ಎಸ್ಸೆಂಪಿಎಸ್ ಹೋಯ್ತು, ಹೊಸದು ಬೇಕು ಎಂದು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ಅದು.

“ಪಾಕಲಾಂ,” ಎಂದರು ಲಕ್ಷ್ಮೀಪತಿ.

“ಹಾಕೋಣ ಅಂತಿದಾರೆ ಅಪ್ಪಾ,” ಎಂದಳು ಮಾಲಿನಿ. ಅವರು ಹೇಳಿದ್ದು ‘ನೋಡೋಣ’ ಎಂದು. ಆದರೆ ಆ ಹೊತ್ತಿಗೆ ಅದರಿಂದೇನೂ ನಷ್ಟವಾಗಲಿಲ್ಲ.

ಲಕ್ಷ್ಮೀಪತಿ ಡಬ್ಬದ ಮುಚ್ಚಳ ಬಿಚ್ಚಿದರು. ಒಳಗಿನ ದಪ್ಪ ಕಾರ್ಡು ನೋಡಿ ಹುಬ್ಬೇರಿಸಿದರು. ಆಮೇಲೆ ಕಪಾಟಿನಿಂದ ಒಂದು ಸಣ್ಣ ಪೆಟ್ಟಿಗೆ, ಒಂದು ದೊಡ್ಡ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು.

“ನಮಗೆ ಯಾವುದು ಸಾಕಾಗುತ್ತೆ ಕೇಳು,” ಎಂದರು ಅಪ್ಪ.

‘ಸಾಕು’ ಎನ್ನುವುದಕ್ಕೆ ತಮಿಳಿನಲ್ಲಿ ಏನನ್ನುತ್ತಾರೆ? ಮಾಲಿನಿ ತಡಕಾಡಿದಳು. ಆ ಮಾತು ಅವಳಿಗೆ ಬರುತ್ತಿರಲಿಲ್ಲ. ಹಾಗೆಂದು ಹೇಳಿಕೊಳ್ಳುವುದು ಹೇಗೆ? “ಎದು ಸರಿ ಅಣ್ಣಾ?” ಎಂದು ಕೇಳಿದಳು, ಯಾವುದು ಸರಿ ಅಂತ.

ಲಕ್ಷ್ಮೀಪತಿ ಸಣ್ಣ ಪೆಟ್ಟಿಗೆ ತಟ್ಟಿದರು. “ಇದು ಚಿನ್ನದು. ಪತ್ತಾದು.” ದೊಡ್ಡದನ್ನು ತಟ್ಟಿದರು. “ಇದು ಪೋದುಂ.”

ಮಾಲಿನಿ ಕಣ್ಣು ಮುಚ್ಚಿದಳು. ‘ಪತ್ತು’ ಅಂದರೆ ಹತ್ತು. ಪತ್ತಾದು, ಹತ್ತಾದ್ದು! ‘ಪೋಚು’ ಅಂದರೆ ಹೋಯ್ತು. ಪೋದುಂ, ಹೋದದ್ದು! ಕಣ್ಣು ತೆರೆದಾಗ ಅವಳ ಮುಖದಲ್ಲಿ ಬೆಳಕಿತ್ತು.

“ಅಪ್ಪಾ, ಸಣ್ಣದು ಚಿನ್ನದಂಥದ್ದಂತೆ. ಹತ್ತಕ್ಕೆ ಹತ್ತು ಮಾರ್ಕ್ಸ್ ಕೊಟ್ರು. ದೊಡ್ಡದು ಹೋಗಿರೋದಂತೆ. ಕೆಟ್ಟಿದೆ.”

“ಕೆಟ್ಟಿರೋದನ್ನ ಯಾಕೆ ತಂದಿಟ್ರು?”

“ಅದೇ ಅಪ್ಪಾ, ಪ್ರಾಮಾಣಿಕರು. ಮೊದಲೇ ಹೇಳಿಬಿಟ್ರು.”

ಅಪ್ಪ ಪೆಟ್ಟಿಗೆಗಳ ಮೇಲಿನ ಅಕ್ಷರ ಓದಿದರು. “ಇದರಲ್ಲಿ ಇನ್ನೂರೈವತ್ತು ವ್ಯಾಟ್ ಅಂತಿದೆ. ಅದರಲ್ಲಿ ಐನೂರು. ಈ ಕಾರ್ಡಿಗೆ ಇನ್ನೂರೈವತ್ತು ಸಾಲುತ್ತಾ?” ಎಂದು ತಲೆ ಕೆರೆದುಕೊಂಡರು. ಮರುಕ್ಷಣ ಏನೋ ನೆನಪಾಯಿತು. “ಇರಬಹುದು ಕಣಮ್ಮ. ಇದರಲ್ಲಿ ಗೋಲ್ಡ್ ಅಂತ ಒಳ್ಳೇ ಜಾತಿ ಬರುತ್ತಂತೆ, ಫ್ಯಾಕ್ಟ್ರೀಲಿ ಮಾತಾಡ್ತಿದ್ರು.”

ಅಲ್ಲಿಗೆ ತೀರ್ಮಾನವಾಯಿತು. “ಇದು ಕುಡುಂಗ ಅಣ್ಣಾ,” ಎಂದು ಮಾಲಿನಿ ಸಣ್ಣದನ್ನು ಮುಂದೆ ತಳ್ಳಿದಳು.

ಲಕ್ಷ್ಮೀಪತಿ ಗಾಬರಿಯಾದರು. “ಪತ್ತಾದುಮ್ಮಾ!”

“ಪತ್ತು! ಸರಿ!” ಎಂದಳು ಮಾಲಿನಿ ಹತ್ತು ಬೆರಳು ತೋರಿಸಿ.

“ಪತ್ತಾದು, ಪತ್ತಾದು!” ಅವರು ತಲೆಯನ್ನೂ ಕೈಯನ್ನೂ ಸೇರಿಸಿ ಆಡಿಸಿದರು.

“ಎಷ್ಟು ಸಲ ಹೊಗಳ್ತಾರೆ ನೋಡಪ್ಪಾ.”

ಅಷ್ಟರಲ್ಲಿ ಇನ್ನೊಬ್ಬರು ಪ್ರಿಂಟರ್ ಹೊತ್ತು ತಂದು ಮೇಜಿನ ಮೇಲೆ ಕುಕ್ಕಿದರು. ಲಕ್ಷ್ಮೀಪತಿಗೂ ಸಾಕಾಗಿತ್ತು. ಕಾರ್ಡು ತೆಗೆಸಿಹಾಕುತ್ತಾರೇನೋ ಎಂದುಕೊಂಡು, “ಉಂಗ ಇಷ್ಟಂ,” ಅಂದರೆ ನಿಮ್ಮಿಷ್ಟ, ಎಂದು ಸಣ್ಣ ಸಪ್ಲೈಯನ್ನು ಕೂರಿಸಿಕೊಟ್ಟರು.

“ಇಷ್ಟ ಅಂತೆ. ನಾವಂದ್ರೆ ಇಷ್ಟವಾಗಿಬಿಟ್ಟಿದೆ ಅವರಿಗೆ,” ಎಂದಳು ಮಾಲಿನಿ ಸ್ಕೂಟರ್ ಹತ್ತುತ್ತಾ.

ಮನೆಯಲ್ಲಿ ಕಂಪ್ಯೂಟರ್ ಆನ್ ಆಯಿತು. ಅಮ್ಮ ಅದಕ್ಕೆ ಕುಂಕುಮ ಇಟ್ಟರು. ಮಾಲಿನಿ ಕುರ್ಚಿಯ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಪ್ಪ ಹಲ್ಲಿನ ಚಕ್ರವೊಂದರ ಚಿತ್ರ ತೆರೆದು, ಅದನ್ನು ಎಲ್ಲಾ ಕಡೆಯಿಂದ ನೋಡಲು ಮೌಸ್ ಹಿಡಿದು ತಿರುಗಿಸಿದರು.

ಚಕ್ರ ಅರ್ಧ ಸುತ್ತು ತಿರುಗಿತು. ಪರದೆ ಕಪ್ಪಾಯಿತು.

“ಕರೆಂಟ್ ಹೋಯ್ತಾ?” ಎಂದರು ಅಮ್ಮ. ತಲೆಯ ಮೇಲೆ ಫ್ಯಾನು ಆರಾಮಾಗಿ ತಿರುಗುತ್ತಿತ್ತು.

ಮತ್ತೆ ಆನ್ ಮಾಡಿದರು. ಮತ್ತೆ ಅರ್ಧ ಸುತ್ತು, ಮತ್ತೆ ಕಪ್ಪು. ಸುಮ್ಮನೆ ಅಕ್ಷರ ಟೈಪ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಚಿತ್ರ ತಿರುಗಿಸಿದರೆ ಮಾತ್ರ ಆರಿಹೋಗುತ್ತಿತ್ತು.

ತನಿಖೆ ಶುರುವಾಯಿತು. ಮೊದಲ ಅನುಮಾನ ಅಮ್ಮನ ಮಿಕ್ಸಿಯ ಮೇಲೆ ಬಿತ್ತು. ಅದನ್ನು ನಿಲ್ಲಿಸಿದ್ದಾಯಿತು. ಆಮೇಲೆ ಫ್ರಿಜ್ಜು. ಅದರ ಪ್ಲಗ್ ಕಿತ್ತಿದ್ದಾಯಿತು. ಕೊನೆಗೆ ಫ್ಯಾನೂ ನಿಂತು, ಮೂವರೂ ಬೆವರು ಸುರಿಸುತ್ತಾ ಉಸಿರು ಬಿಗಿಹಿಡಿದು ಕೂತರು. ಚಕ್ರ ಅರ್ಧ ಸುತ್ತು ತಿರುಗಿತು. ಪರದೆ ಕಪ್ಪಾಯಿತು.

“ನಾನು ಇಟ್ಟ ಕುಂಕುಮ ಒಳಗೆ ಹೋಯ್ತೇನೋ,” ಎಂದರು ಅಮ್ಮ ಮೆಲ್ಲಗೆ.

ಅಪ್ಪ ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿ ಎದ್ದು ಹೋದರು. ಬೈದಿದ್ದರೆ ಮಾಲಿನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹತ್ತಕ್ಕೆ ಹತ್ತು ಬಂದದ್ದು ಯಾಕೆ ಹೀಗೆ ಮಾಡುತ್ತಿದೆ ಎಂದು ಯೋಚಿಸಿ ಯೋಚಿಸಿ ಅವಳಿಗೆ ಅಳು ಬಂತು.

ಭಾನುವಾರ ಬೆಳಿಗ್ಗೆ ಅವಳು ಹೊರಗಿನ ಕಟ್ಟೆಯ ಮೇಲೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಳು. ಶಶಿಕಲಾ ಬಂದು ಪಕ್ಕದಲ್ಲಿ ಕೂತಳು.

“ಏನೇ, ಇಂಗ್ ಕುಂತಿದ್ದೀಯ? ಯಾರಾದ್ರೂ ಬೈದ್ರಾ?”

ಮಾಲಿನಿ ಹೇಳಬಾರದು ಅಂದುಕೊಂಡೇ ಎಲ್ಲವನ್ನೂ ಹೇಳಿದಳು. ದುಃಖದ ವಿಷಯದಲ್ಲೂ ಒಂದಿಷ್ಟು ಜಂಬ ಬಿಡಲಿಲ್ಲ. “ಅಂಗಡಿಯವರೇ ಹೇಳಿದ್ರು ಕಣೇ, ಸಣ್ಣದು ಪತ್ತಾದು, ದೊಡ್ಡದು ಪೋದುಂ ಅಂತ. ಆದ್ರೂ ಹೀಗಾಯ್ತು.”

ಶಶಿಯ ಮೂಗಿನ ಹೊಳ್ಳೆಗಳು ಅಲ್ಲಾಡಿದವು. “ಏನಂದ್ರು? ಇನ್ನೊಂದ್ ಕಿತ ಹೇಳು.”

“ಪತ್ತಾದು. ಹತ್ತಕ್ಕೆ ಹತ್ತು.”

ಶಶಿ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಟ್ಟೆಯಿಂದ ಕೆಳಗಿಳಿದೇ ಬಿಟ್ಟಳು. “ಅಯ್ಯಯ್ಯೋ ಮಾಲಿನೀ! ಪತ್ತಾದು ಅಂದ್ರೆ ಸಾಲ್ದು ಕಣೇ! ಆವಣ್ಣ ಸಾಲ್ದು, ಸಾಲ್ದು ಅಂತ ಬಡ್ಕೊಂಡವ್ರೆ. ನೀನು ಅದ್ನೇ ಕೊಡಿ ಅಂತ ತಕ್ಕಂಬಂದ್ಬುಟ್ಟಿದ್ದೀಯ!”

ಮಾಲಿನಿಯೂ ಕಟ್ಟೆಯಿಂದ ಇಳಿದಳು. “ಮತ್ತೆ... ಪೋದುಂ ಅಂದ್ರೆ?”

“ಸಾಕು ಅಂತ.”

“ಚಿನ್ನ?”

“ಚಿಕ್ಕದು!”

‘ಸಾಕು’. ಅಂಗಡಿಯಲ್ಲಿ ಅವಳಿಗೆ ಸಿಗದೆ ಹೋದ ಮಾತು ಅದೇ. ಅವರು ಅದನ್ನು ಅವಳ ಕಿವಿಗೇ ಹಾಕಿದ್ದರು, ಅವಳು ‘ಕೆಟ್ಟಿದೆ’ ಮಾಡಿಕೊಂಡು ಬಂದಿದ್ದಳು. ಮಾಲಿನಿಯ ಕಿವಿ, ಕೆನ್ನೆ, ಕತ್ತು ಎಲ್ಲಾ ಬಿಸಿಯಾದವು.

“ಇಷ್ಟು ದಿನ ನಾನು ತಪ್ಪು ತಪ್ಪು ತಮಿಳು ಮಾತಾಡ್ತಿದ್ದೆನಾ?”

“ಊಂ. ಒಂದೊಂದ್ ಕಿತ ವಸಿ ಜಾಸ್ತೀನೆ.”

“ನೀನ್ಯಾಕೆ ಹೇಳ್ಲಿಲ್ಲ?”

ಶಶಿ ಲಂಗದ ಮಣ್ಣು ಕೊಡವಿಕೊಂಡಳು. “ನೀನು ಖುಷಿಯಾಗಿ ಮಾತಾಡ್ತಿದ್ದೆ. ಮಧ್ಯದಾಗೆ ನಿಲ್ಸಿದ್ರೆ ಆಮ್ಯಾಕೆ ಮಾತೇ ಆಡಲ್ಲ ಅಂತ ಸುಮ್ಕಿದ್ದೆ.”

ಮಾಲಿನಿ, ತಾನು ಎಷ್ಟು ಸಲ ಇವಳ ಮಾತನ್ನು ಮಧ್ಯದಲ್ಲೇ ನಿಲ್ಲಿಸಿದ್ದೆ ಎಂದು ಲೆಕ್ಕ ಹಾಕಲು ಹೋಗಿ, ನಾಚಿಕೆಯಾಗಿ ಬಿಟ್ಟುಬಿಟ್ಟಳು.

ಒಳಗೆ ಹೋಗಿ ಅಪ್ಪನ ಮುಂದೆ ನಿಂತಳು. “ಅಪ್ಪಾ, ಅದು ಹತ್ತಕ್ಕೆ ಹತ್ತಲ್ಲ. ಸಾಲದು ಅಂತ. ನನಗೆ ಗೊತ್ತಿರ್ಲಿಲ್ಲ. ಗೊತ್ತಿದೆ ಅಂತ ಹೇಳಿಬಿಟ್ಟೆ.” ಕೊನೆಯ ಮಾತು ಅಳುವಿನಲ್ಲಿ ಕೊಚ್ಚಿಹೋಯಿತು.

ಅಪ್ಪನ ಹೊಟ್ಟೆ ಕುಲುಕಿತು. “ಪ್ರಾಮಾಣಿಕರು ಅಂದ್ಯಲ್ಲೇ!” ಎಂದು ನಗತೊಡಗಿದರು. ಅಮ್ಮ ಸೌಟು ಹಿಡಿದು ಓಡಿಬಂದರು. ವಿಷಯ ತಿಳಿದ ಮೇಲೆ, “ಸದ್ಯ, ನನ್ನ ಕುಂಕುಮದ ತಪ್ಪಲ್ಲ,” ಎಂದರು ಸಮಾಧಾನವಾಗಿ.

“ನಿಂದೊಬ್ಬಳದೇ ಏನು ಬಿಡು. ಸಾಲುತ್ತಾ ಅಂತ ನನಗೂ ಅನುಮಾನ ಬಂದಿತ್ತು. ಕೇಳೋಕೆ ನಾಚಿಕೆಪಟ್ಟು ನಿನ್ನ ಹಿಂದೆ ನಿಂತ್ಕೊಂಡೆ,” ಎಂದರು ಅಪ್ಪ ಕಣ್ಣು ಒರೆಸಿಕೊಂಡು. “ನಡಿ. ಅಂಗಡಿ ಮಧ್ಯಾಹ್ನದವರೆಗೂ ಇರುತ್ತೆ. ಆ ಹುಡುಗೀನೂ ಕರಿ.”

ಸ್ಕೂಟರಿನ ಮೇಲೆ ಅಪ್ಪ, ಅವರ ಕಾಲ ಬಳಿ ಡಬ್ಬ, ಹಿಂದೆ ಮಾಲಿನಿ, ಅವಳ ಹಿಂದೆ ಶಶಿ. ಅಂಗಡಿ ಮುಟ್ಟುವವರೆಗೆ ಅಪ್ಪನ ಮಂಡಿಗಳು ಎರಡು ಕಡೆಗೂ ರೆಕ್ಕೆಯಂತೆ ಚಾಚಿಕೊಂಡಿದ್ದವು.

ಮಾಲಿನಿ ಬಾಯಿ ತೆರೆಯಲಿಲ್ಲ. ಶಶಿ ಮುಂದೆ ಬರುತ್ತಾಳೆ ಎಂದು ಕಾದರೆ ಅವಳೂ ಸುಮ್ಮನೆ ನಿಂತಳು. ಕೊನೆಗೆ ಅಪ್ಪನೇ ಗಂಟಲು ಸರಿಮಾಡಿಕೊಂಡು, “ಸ್ವಾಮಿ, ಕನ್ನಡ ಬರುತ್ತಾ?” ಎಂದು ಕೇಳಿದರು.

“ಬರದೇ ಏನ್ ಸಾರ್! ನಮ್ಮನೇಲಿ ಮಾತಾಡೋದೇ ಕನ್ನಡ,” ಎಂದರು ಲಕ್ಷ್ಮೀಪತಿ. “ನಮ್ಮೂರು ಅಂಚೆಟ್ಟಿ ಕಡೆ.”

“ಮತ್ತೆ ನಿನ್ನೆ ತಮಿಳಲ್ಲಿ...”

“ಈ ಪಾಪ ತಮಿಳ್ನಾಗೆ ಕೇಳ್ತು, ನಾನೂ ತಮಿಳ್ನಾಗೇ ಹೇಳ್ದೆ. ತೆಲುಗ್ನಾಗೆ ಕೇಳಿದ್ರೆ ತೆಲುಗ್ನಾಗೆ ಹೇಳ್ತಿದ್ದೆ. ಎಂಗ್ ಕೇಳ್ತಾರೋ ಅಂಗ್ ಹೇಳೋದು ಸಾರ್ ಇಲ್ಲಿ.”

ಮಾಲಿನಿ ಮೇಜಿನ ಮರದ ಗೆರೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಲಕ್ಷ್ಮೀಪತಿ ಮುಚ್ಚಳ ತೆಗೆದು ಸ್ಕ್ರೂಡ್ರೈವರಿನಿಂದ ಒಂದೊಂದೇ ಭಾಗ ತೋರಿಸಿದರು. “ನೋಡಮ್ಮಾ, ಈ ಬೋರ್ಡಿಗೆ ಇಷ್ಟು ವ್ಯಾಟ್ ಬೇಕು. ಈ ಫ್ಯಾನಿಗೆ, ಡಿಸ್ಕಿಗೆ ವಸಿ ವಸಿ. ಈ ದಪ್ಪ ಕಾರ್ಡು ಅವ್ನಲ್ಲಾ, ಇವನು ಮಿಕ್ಕೋರೆಲ್ಲರಿಗಿಂತ ಜಾಸ್ತಿ ತಿಂತಾನೆ. ಸುಮ್ಕೆ ಇದ್ದಾಗ ಸುಮ್ಕಿರ್ತಾನೆ. ಚಿತ್ರ ತಿರುಗಿಸಿದ್ರೋ, ಹಸಿವು ಕೆರಳ್ತದೆ. ಚಿಕ್ಕ ಸಪ್ಲೈ ಎಲ್ಲಿಂದ ತಂದಿಕ್ತದೆ? ಕೈಯೆತ್ತಿಬುಡ್ತದೆ. ಎಲ್ರದೂ ಕೂಡಿ, ಮ್ಯಾಲೆ ವಸಿ ಮಿಗೋ ಅಂಗೆ ತಕ್ಕೋಬೇಕು. ಮನೇಲಿ ಮುದ್ದೆ ಮಾಡುವಾಗ ನಿಮ್ಮಮ್ಮ ಒಂದು ಜಾಸ್ತಿ ಮಾಡಲ್ವಾ, ಅಂಗೆ.”

ಮಾಲಿನಿಗೆ ಒಂದು ಅನುಮಾನ ಬಂತು. ಕೇಳಿದರೆ ನಗುತ್ತಾರೇನೋ. ಆದರೂ ಕೇಳಿದಳು, ಕನ್ನಡದಲ್ಲೇ. “ದೊಡ್ಡದು ಹಾಕಿದ್ರೆ ಯಾವಾಗಲೂ ಐನೂರು ವ್ಯಾಟ್ ಕರೆಂಟ್ ತಿನ್ನುತ್ತಾ?”

“ಒಳ್ಳೇದು ಕೇಳ್ದೆ! ತಿನ್ನಲ್ಲಮ್ಮಾ. ಐನೂರರ ತನಕ ಕೊಡೋ ಶಕ್ತಿ ಐತೆ ಅಂತ ಅಷ್ಟೇ. ಒಳಗಿನೋರು ಎಷ್ಟು ಕೇಳಿದ್ರೆ ಅಷ್ಟೇ ಕೊಡ್ತದೆ.”

ಯಾರೂ ನಗಲಿಲ್ಲ. ಶಶಿ ಮಾತ್ರ ಅವಳ ಕಡೆ ನೋಡಿ ಹುಬ್ಬು ಕುಣಿಸಿದಳು. ಲಕ್ಷ್ಮೀಪತಿ ಸಣ್ಣ ಸಪ್ಲೈಯನ್ನು ಹಿಂದಕ್ಕೆ ತೆಗೆದುಕೊಂಡು ದೊಡ್ಡದನ್ನು ಕೂರಿಸಿದರು.

ಮನೆಗೆ ಬಂದ ಮೇಲೆ ಹಲ್ಲಿನ ಚಕ್ರ ಅರ್ಧ ಸುತ್ತು ತಿರುಗಿತು. ಅಮ್ಮ ಕಣ್ಣು ಮುಚ್ಚಿಕೊಂಡರು. ಚಕ್ರ ಮುಕ್ಕಾಲು ಸುತ್ತು ತಿರುಗಿತು. ಪೂರ್ತಿ ತಿರುಗಿತು. ಅಪ್ಪ ಅದನ್ನು ಮೇಲಿಂದ, ಕೆಳಗಿಂದ, ಹಿಂದಿನಿಂದ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಮುಚ್ಚಿ, ನಾಳೆಯ ಟೆಸ್ಟಿಗೆ ಹೊಸ ಚಿತ್ರವೊಂದನ್ನು ಮೊದಲಿನಿಂದ ಬರೆಯತೊಡಗಿದರು. ಮಿಕ್ಸಿಯೂ ಓಡಿತು, ಫ್ರಿಜ್ಜೂ ಓಡಿತು.

ಸಂಜೆ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿಸಿತು. ಊರಿಗೆ ನೀರು ಬಿಡುವವರು ಮನೆ ಮನೆಯ ಮುಂದೆ ಕೂಗಿಕೊಂಡು ಹೋಗುತ್ತಿದ್ದರು. “ನಾಳೈಕ್ಕು ತಣ್ಣಿ ವರಾದು! ನಾಳೈಕ್ಕು ತಣ್ಣಿ ವರಾದು!”

ಅಮ್ಮ ಖಾಲಿ ಬಿಂದಿಗೆ ಹಿಡಿದು ಬಾಗಿಲಿಗೆ ಬಂದರು. “ಏನಂತೆ ಮಾಲಿನಿ?”

ಮಾಲಿನಿ ಕಣ್ಣು ಮುಚ್ಚಿದಳು. ನಾಳೈಕ್ಕು, ನಾಳೆ. ತಣ್ಣಿ, ತಣ್ಣೀರು. ವರಾದು... ಬರೋದು! ನಾಳೆ ನೀರು ಬರೋದು! ಮಾತು ಸಿದ್ಧವಾಗಿ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಆ ಮಾತಿನ ಬಾಲ ಎಲ್ಲೋ ಕೇಳಿದ ಹಾಗಿತ್ತು. ಪತ್ತಾದು. ವರಾದು.

ಅವಳು ಕಣ್ಣು ಬಿಟ್ಟಳು.

“ನನಗೆ ಗೊತ್ತಿಲ್ಲಮ್ಮ,” ಎಂದಳು. “ಇರು, ಶಶೀನ ಕೇಳ್ಕೊಂಡು ಬತ್ತೀನಿ.”

ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದಳು. ಅಮ್ಮ ಅವಳು ಹೋದ ದಾರಿಯನ್ನೇ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿನಲ್ಲೇ ಮಾಲಿನಿ “ನಾಳೆ ನೀರು ಬರಲ್ವಂತೆ!” ಎಂದು ಏದುಸಿರು ಬಿಡುತ್ತಾ ವಾಪಸ್ ಬಂದಳು. ಅಮ್ಮನ ಕೈಯಿಂದ ಬಿಂದಿಗೆ ತೆಗೆದುಕೊಂಡು ನಲ್ಲಿಯ ಕೆಳಗಿಟ್ಟಳು. ಆಮೇಲೆ ಒಳಗೆ ಹೋಗಿ, ಮನೆಯಲ್ಲಿದ್ದ ಬಕೆಟ್ಟು, ಪಾತ್ರೆ, ಕೊಡಗಳನ್ನೆಲ್ಲ ತರತೊಡಗಿದಳು.